ಗುಂಗುರು ಮೈಯ ಶ್ಯಾವಿಗೆ

ಬೆಕ್ಕು ಎಂದರೆ ನುಣುಪು ಮೈ ಎಂದೇ ನಮ್ಮೆಲ್ಲರ ಲೆಕ್ಕ. ತಲೆಯಿಂದ ಬಾಲದವರೆಗೆ ಕೈಯಾಡಿಸಿದರೆ ರೇಷ್ಮೆ ಸೀರೆಯ ಮೇಲೆ ಕೈ ಜಾರಿದ ಹಾಗೆ ಇರಬೇಕು. ಆದರೆ ಹಳೆಯ ಸ್ವೆಟರ್ ಬಿಚ್ಚಿದಾಗ ಸಿಗುವ ಉಣ್ಣೆಯ ಎಳೆಯ ಹಾಗೆ ಮೈತುಂಬ ಸುರುಳಿ ಸುರುಳಿ ಕೂದಲಿರುವ ಬೆಕ್ಕನ್ನು ನೀವು ನೋಡಿದ್ದೀರಾ? ಅದರ ಕಿವಿ ಬಾವಲಿಯ ಕಿವಿಯಷ್ಟು ದೊಡ್ಡದು. ಮುಖ ಮಾತ್ರ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು. ಮೀಸೆಯೂ ಗುಂಗುರು, ಅದೂ ಅರ್ಧಕ್ಕೆ ಮುರಿದದ್ದು. ಇದರ ಹೆಸರು ಡೆವನ್ ರೆಕ್ಸ್. ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿರುವ ಡೆವನ್ ಎಂಬ ಜಿಲ್ಲೆ ಇದರ ತವರು. ಆ ಸೀಮೆಯ ಜನಪದ ಕಥೆಗಳಲ್ಲಿ ಪಿಕ್ಸಿ ಎಂಬ ಕುಳ್ಳ ಯಕ್ಷರು ಬರುತ್ತಾರೆ. ರಾತ್ರಿ ಹೊತ್ತು ದಾರಿಹೋಕರ ದಾರಿ ತಪ್ಪಿಸಿ ನಗುವುದು ಅವರ ಕೆಲಸ. ಈ ಬೆಕ್ಕಿನ ಮುಖ ನೋಡಿದವರೆಲ್ಲ ಅದನ್ನು ಪಿಕ್ಸಿ ಬೆಕ್ಕು ಎಂದೇ ಕರೆಯುತ್ತಾರೆ. ಗುಣವೂ ಹೆಚ್ಚು ಕಡಿಮೆ ಅದೇ.

ನಾನು ಸಾಗರದ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಮಗಳ ಸಂಸಾರ ಡೆವನ್‌ನ ಎಕ್ಸೆಟರ್ ಊರಿನಲ್ಲಿದೆ. ಕಳೆದ ಬಾರಿ ಅಲ್ಲಿಗೆ ಹೋದಾಗ ಆರು ತಿಂಗಳು ಇದ್ದೆ. ಪ್ರವಾಸಿ ವೀಸಾ ಕೊಡುವುದೇ ಅಷ್ಟು ದಿನಕ್ಕೆ. ಅದರಲ್ಲಿ ಐದು ತಿಂಗಳು ನನ್ನ ಜೊತೆ ಒಂದೇ ಕಂಬಳಿಯಲ್ಲಿ ಮಲಗಿದ್ದು ಇಂಥದೊಂದು ಬೆಕ್ಕು. ಹತ್ತು ವರ್ಷದ ಮೊಮ್ಮಗಳು ಅದಕ್ಕೆ ಇಟ್ಟ ಹೆಸರು ಶ್ಯಾವಿಗೆ. ಅಚ್ಚಿನಿಂದ ಆಗತಾನೇ ಒತ್ತಿ ಇಳಿಸಿದ ಒತ್ತು ಶ್ಯಾವಿಗೆಯ ಹಾಗೆ ಅದರ ಬೆನ್ನು ಕಾಣುತ್ತಿತ್ತು, ಬಣ್ಣವೂ ಹಾಗೇ ಕೆನೆಬಿಳುಪು. ಅಲ್ಲಿಯ ಪಶುವೈದ್ಯರು ಆ ಹೆಸರನ್ನು ಉಚ್ಚರಿಸಲು ಪಡುತ್ತಿದ್ದ ಪಾಡನ್ನು ನೋಡಿ ನಾವೆಲ್ಲ ಮುಖ ತಿರುಗಿಸಿ ನಗುತ್ತಿದ್ದೆವು.

ಗಣಿಯ ಹತ್ತಿರದ ಗಂಡು ಬೆಕ್ಕು

ಗುಂಗುರು ಬೆಕ್ಕುಗಳ ಕಥೆ ಡೆವನ್‌ಗಿಂತ ಮೊದಲು ಪಕ್ಕದ ಕಾರ್ನ್‌ವಾಲ್‌ನಲ್ಲಿ ಶುರುವಾಗುತ್ತದೆ. 1950ರ ಜುಲೈ ತಿಂಗಳು. ಬಾಡ್ಮಿನ್ ಮೂರ್ ಎಂಬ ಬಯಲುಸೀಮೆಯ ತೋಟದ ಮನೆಯೊಂದರಲ್ಲಿ ನೀನಾ ಎನಿಸ್ಮೋರ್ ಎಂಬಾಕೆಯ ಬೆಕ್ಕು ಸೆರೀನಾ ಐದು ಮರಿ ಹಾಕಿತು. ನಾಲ್ಕು ಮರಿಗಳದ್ದು ಎಲ್ಲರಂತೆ ನೇರ ಕೂದಲು. ಐದನೆಯ ಕೆನೆಬಣ್ಣದ ಗಂಡುಮರಿಯ ಮೈಮೇಲೆ ಮಾತ್ರ ಅಲೆ ಅಲೆ ಗುಂಗುರು. ಆಕೆ ಅದಕ್ಕೆ ಕ್ಯಾಲಿಬಂಕರ್ ಎಂದು ಹೆಸರಿಟ್ಟರು. ಆಕೆ ಹಿಂದೆ ರೆಕ್ಸ್ ಎಂಬ ಜಾತಿಯ ಮೊಲಗಳನ್ನು ಸಾಕಿದ್ದವರು. ಆ ಮೊಲಗಳ ತುಪ್ಪಳವೂ ಬೇರೆ ಮೊಲಗಳಂತಿರದೆ ಗಿಡ್ಡ, ಮೆತ್ತಗೆ. ಬೆಕ್ಕಿಗೂ ಅದೇ ಹೆಸರು ಅಂಟಿಕೊಂಡಿತು. ಹೀಗೆ ಕಾರ್ನಿಶ್ ರೆಕ್ಸ್ ತಳಿ ಹುಟ್ಟಿತು. ನೀಳ ಕಾಲು, ತೆಳು ಸೊಂಟ, ಬೇಟೆನಾಯಿಯ ಹಾಗೆ ಸಣಕಲು ಮೈ ಅದರದ್ದು.

ಹತ್ತು ವರ್ಷ ಕಳೆಯಿತು. 1960ರ ಆಸುಪಾಸಿನಲ್ಲಿ ಡೆವನ್‌ನ ಬಕ್‌ಫಾಸ್ಟ್‌ಲೀ ಎಂಬ ಪುಟ್ಟ ಊರಿನಲ್ಲಿ, ಪಾಳುಬಿದ್ದ ತವರದ ಗಣಿಯ ಹತ್ತಿರ, ಯಾರಿಗೂ ಸೇರದ ಒಂದು ಗುಂಗುರು ಗಂಡು ಬೆಕ್ಕು ಓಡಾಡಿಕೊಂಡಿತ್ತು. ಹಿಡಿಯಲು ಹೋದವರ ಕೈಗೆ ಅದು ಸಿಗಲೇ ಇಲ್ಲ. ಅದೇ ಊರಿನ ಬೆರಿಲ್ ಕಾಕ್ಸ್ ಎಂಬವರು ಊಟ ಹಾಕಿ ಸಾಕಿಕೊಂಡಿದ್ದ ಬೀದಿ ಬೆಕ್ಕೊಂದು ಅವರ ತೋಟದಲ್ಲಿ ಮರಿ ಹಾಕಿದಾಗ ಅದರಲ್ಲೊಂದು ಗುಂಗುರು ಮರಿ! ಅಪ್ಪ ಯಾರು ಎಂದು ಬೇರೆ ಹೇಳಬೇಕಾಗಿರಲಿಲ್ಲ. ಆ ಮರಿಯ ಹೆಸರು ಕರ್ಲೀ. ಇವತ್ತು ಪ್ರಪಂಚದಲ್ಲಿರುವ ಡೆವನ್ ರೆಕ್ಸ್‌ಗಳೆಲ್ಲ ತಮ್ಮ ವಂಶವೃಕ್ಷವನ್ನು ಕೊಂಡೊಯ್ದು ನಿಲ್ಲಿಸುವುದು ಈ ಕರ್ಲೀಯ ಮುಂದೆ.

ಬೆರಿಲ್ ಕಾಕ್ಸ್ ಪತ್ರಿಕೆಯಲ್ಲಿ ಕಾರ್ನ್‌ವಾಲ್‌ನ ಗುಂಗುರು ಬೆಕ್ಕಿನ ಚಿತ್ರ ನೋಡಿ, ನನ್ನ ಹತ್ತಿರವೂ ಒಂದಿದೆ ಎಂದು ತಿಳಿಸಿದರು. ತಳಿ ಬೆಳೆಸುವವರಿಗೆ ಹಬ್ಬ. ಕರ್ಲೀಯನ್ನು ಕಾರ್ನಿಶ್ ಹೆಣ್ಣು ಬೆಕ್ಕುಗಳ ಜೊತೆ ಕೂಡಿಸಿದರು. ಗುಂಗುರು ಅಪ್ಪ, ಗುಂಗುರು ಅಮ್ಮ. ಮರಿಗಳು? ಒಂದೂ ಬಿಡದೆ ಎಲ್ಲವೂ ನೇರ ಕೂದಲಿನವು!

ಈ ಒಗಟು ನನಗೆ ಎಷ್ಟು ಇಷ್ಟ ಎಂದರೆ, ಮೊದಲೇ ಗೊತ್ತಿದ್ದರೆ ಹತ್ತನೇ ತರಗತಿಯಲ್ಲಿ ಮೆಂಡೆಲ್ ಬಟಾಣಿಯ ಬದಲು ಇದನ್ನೇ ಹೇಳಿ ಪಾಠ ಮುಗಿಸುತ್ತಿದ್ದೆ. ಪ್ರತಿ ಮರಿಗೂ ಪ್ರತಿಯೊಂದು ಗುಣಕ್ಕೂ ಎರಡು ಚೀಟಿ ಸಿಗುತ್ತವೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಈ ತಳಿಗಳಲ್ಲಿ ಗುಂಗುರು ದುರ್ಬಲ ಗುಣ. ಎರಡೂ ಚೀಟಿಯಲ್ಲಿ ಗುಂಗುರು ಎಂದಿದ್ದರೆ ಮಾತ್ರ ಕೂದಲು ಸುರುಳಿಯಾಗುತ್ತದೆ. ಒಂದರಲ್ಲಿ ನೇರ ಎಂದಿದ್ದರೂ ನೇರವೇ ಗೆಲ್ಲುತ್ತದೆ. ಸೆರೀನಾದ ಹತ್ತಿರ ಗುಂಗುರಿನ ಒಂದು ಚೀಟಿ ಬಚ್ಚಿಟ್ಟುಕೊಂಡಿತ್ತು, ಹಾಗಾಗಿ ಅದರ ಮೈಯಲ್ಲಿ ಕಾಣಲಿಲ್ಲ, ಮಗನಲ್ಲಿ ಕಂಡಿತು. ಸರಿ, ಹಾಗಿದ್ದರೆ ಗುಂಗುರಿಗೂ ಗುಂಗುರಿಗೂ ನೇರ ಕೂದಲಿನ ಮರಿ ಹುಟ್ಟಿದ್ದು ಹೇಗೆ?

ದೋಸೆಯ ಲೆಕ್ಕದಲ್ಲಿ ಹೇಳುತ್ತೇನೆ. ನಮ್ಮ ಮನೆಯ ದೋಸೆ ಹರಿದುಹೋಗಲು ಕಾರಣ ಕೆಟ್ಟ ಹಿಟ್ಟು, ಕಾವಲಿ ಚೆನ್ನಾಗಿದೆ. ಪಕ್ಕದ ಮನೆಯ ದೋಸೆಯೂ ಹರಿಯುತ್ತದೆ, ಆದರೆ ಅಲ್ಲಿ ಹಿಟ್ಟು ಚೆನ್ನಾಗಿದೆ, ಕೆಟ್ಟಿರುವುದು ಕಾವಲಿ. ಇಬ್ಬರೂ ಸೇರಿ ನಮ್ಮ ಕಾವಲಿಯ ಮೇಲೆ ಅವರ ಹಿಟ್ಟು ಹುಯ್ದರೆ? ಗರಿಗರಿ ದೋಸೆ. ಕಾರ್ನಿಶ್ ಬೆಕ್ಕಿನಲ್ಲಿ ಬದಲಾಗಿದ್ದ ಜೀನ್ ಒಂದು, ಡೆವನ್ ಬೆಕ್ಕಿನಲ್ಲಿ ಬದಲಾಗಿದ್ದ ಜೀನ್ ಇನ್ನೊಂದು. ಒಂದರ ಕೊರತೆಯನ್ನು ಮತ್ತೊಂದು ತುಂಬಿಕೊಟ್ಟಿತು. ಎರಡೂ ಬೇರೆ ಬೇರೆ ತಳಿ ಎಂದು ಇಂಗ್ಲೆಂಡಿನ ಬೆಕ್ಕು ಸಂಘ 1967ರಲ್ಲಿ ಒಪ್ಪಿಕೊಂಡಿತು. ಪ್ರಯೋಗಾಲಯದಲ್ಲಿ ಆ ಜೀನ್‌ಗಳು ಕೈಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ: ಡೆವನ್‌ನದ್ದು 2010ರಲ್ಲಿ, ಕಾರ್ನಿಶ್‌ನದ್ದು 2013ರಲ್ಲಿ. ಡೆವನ್‌ನ ಆ ಜೀನ್ ಕೂದಲಿನ ಬೇರಿಗೆ ಬೇಕಾದ ಕೆರಾಟಿನ್ ಎಂಬ ಪ್ರೋಟೀನ್ ತಯಾರಿಸುವಂಥದ್ದು. ಅದೇ ಜೀನ್ ಮತ್ತೊಂದು ಬಗೆಯಲ್ಲಿ ಕೆಟ್ಟರೆ ಮೈಮೇಲೆ ಕೂದಲೇ ಇಲ್ಲದ ಸ್ಫಿಂಕ್ಸ್ ಬೆಕ್ಕು! ಅಮೆರಿಕದ ಮೊಂಟಾನಾದಲ್ಲಿ 1987ರಲ್ಲಿ ಹುಟ್ಟಿದ, ಟೆಡ್ಡಿ ಗೊಂಬೆಯಂಥ ಸೆಲ್ಕರ್ಕ್ ರೆಕ್ಸ್‌ಗೂ ಅದೇ ಜೀನ್ ಕಾರಣ. ಅದರಲ್ಲಿ ಮಾತ್ರ ಗುಂಗುರು ಪ್ರಬಲ ಗುಣ, ಒಂದು ಚೀಟಿ ಸಾಕು.

ಬಕ್‌ಫಾಸ್ಟ್‌ಲೀ ಎಕ್ಸೆಟರ್‌ನಿಂದ ಕಾರಿನಲ್ಲಿ ಅರ್ಧ ಗಂಟೆ. ಡಾರ್ಟ್‌ಮೂರ್ ಬೆಟ್ಟದ ಅಂಚಿನಲ್ಲಿದೆ. ಅಲ್ಲಿಂದ ಡಾರ್ಟ್ ನದಿಯ ದಡದಲ್ಲೇ ಹಳೆಯ ಉಗಿಬಂಡಿಯೊಂದು ಓಡುತ್ತದೆ, ಪ್ರವಾಸಿಗಳೆಲ್ಲ ಬರುವುದು ಅದಕ್ಕೆ. ನಾವು ಕರ್ಲೀಯ ಊರು ನೋಡಲು ಬಂದವರು ಎಂದು ಚಹಾ ಅಂಗಡಿಯಲ್ಲಿ ಮೊಮ್ಮಗಳು ಹೇಳಿದಾಗ ಅವರು ಬಹಳ ಸೌಜನ್ಯದಿಂದ ಕೇಳಿದರು, ಕರ್ಲೀ ಎಂದರೆ ಯಾರು?

ಬೆಕ್ಕೋ, ಕೋತಿಯೋ

ಇನ್ನು ಸ್ವಭಾವ. ನಮ್ಮ ಮಲೆನಾಡಿನ ಬೆಕ್ಕು ಮನೆಯ ಯಜಮಾನ ಇದ್ದ ಹಾಗೆ. ಹೊತ್ತಿಗೆ ಸರಿಯಾಗಿ ಊಟಕ್ಕೆ ಬರುತ್ತದೆ, ಮಿಕ್ಕ ವೇಳೆ ಎಲ್ಲಿದೆ ಎಂದು ಯಾರೂ ಕೇಳುವಂತಿಲ್ಲ. ಡೆವನ್ ರೆಕ್ಸ್ ಅದಕ್ಕೆ ತೀರಾ ವಿರುದ್ಧ. ಅದಕ್ಕೆ ಸದಾ ಜನ ಬೇಕು. ನಾನು ತರಕಾರಿ ಹೆಚ್ಚಿದರೆ ಹೆಗಲ ಮೇಲೆ, ಅಳಿಯ ಲ್ಯಾಪ್‌ಟಾಪ್ ತೆರೆದರೆ ಅದರ ಮುಂದೆ, ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಕಾವಲು. ಕಾಗದದ ಉಂಡೆ ಎಸೆದರೆ ನಾಯಿಯ ಹಾಗೆ ಕಚ್ಚಿ ತಂದು ಕಾಲ ಬಳಿ ಇಡುತ್ತದೆ. ಕಪಾಟಿನ ಬಾಗಿಲನ್ನು ಉಗುರಿನಿಂದ ಕೆದಕಿ ತೆರೆಯಲು ಶ್ಯಾವಿಗೆ ಕಲಿತದ್ದು ಬಂದ ಎರಡನೇ ವಾರದಲ್ಲಿ. ತೂಕ ನೋಡಿದರೆ ಮೂರು ಕಿಲೋ, ಹಾರುವುದು ಫ್ರಿಜ್‌ನ ನೆತ್ತಿಗೆ. ಬೆಕ್ಕಿನ ವೇಷ ಹಾಕಿದ ಕೋತಿ ಎಂದು ಈ ತಳಿಯನ್ನು ಸಾಕಿದವರು ಹೇಳುವುದು ಸುಮ್ಮನೆ ಅಲ್ಲ.

ಆದ್ದರಿಂದಲೇ ದಿನವಿಡೀ ಬೀಗ ಹಾಕಿರುವ ಮನೆಗೆ ಇದು ಹೇಳಿಸಿದ ಪ್ರಾಣಿಯಲ್ಲ. ಬೇಸರವಾದರೆ ಕೂಗುತ್ತದೆ, ಕೆಡವುತ್ತದೆ, ಕೆಲವು ಊಟ ಬಿಡುತ್ತವೆ. ಮಕ್ಕಳಿರುವ ಮನೆ, ಅಜ್ಜ ಅಜ್ಜಿ ಇರುವ ಮನೆ ಇದಕ್ಕೆ ಹೇಳಿ ಮಾಡಿಸಿದ್ದು. ಆದರೆ ವಯಸ್ಸಾದವರು ಒಂದು ಎಚ್ಚರ ವಹಿಸಬೇಕು. ಕಾಲಿಗೆ ಸುತ್ತಿಕೊಂಡೇ ನಡೆಯುವ ಪ್ರಾಣಿ ಇದು. ರಾತ್ರಿ ಎದ್ದಾಗ ಮೊದಲು ದೀಪ, ಆಮೇಲೆ ಹೆಜ್ಜೆ. ಮಗಳು ಶ್ಯಾವಿಗೆಯ ಕೊರಳಿಗೆ ಗೆಜ್ಜೆಯಷ್ಟು ಸಣ್ಣ ಗಂಟೆ ಕಟ್ಟಿದಳು. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ನಮ್ಮ ಮನೆಯಲ್ಲಂತೂ ಬಗೆಹರಿಯಿತು. ಕೊರಳಪಟ್ಟಿ ಮಾತ್ರ ಎಳೆದರೆ ತಾನೇ ಬಿಚ್ಚಿಕೊಳ್ಳುವಂಥದ್ದು ಆಗಬೇಕು, ಇಲ್ಲವಾದರೆ ಎಲ್ಲಾದರೂ ಸಿಕ್ಕಿಕೊಂಡು ಉರುಳಾಗುತ್ತದೆ.

ಮುಟ್ಟಿದರೆ ಮೈ ಬಿಸಿ. ಜ್ವರ ಬಂದಿದೆ ಎಂದು ಹೊಸಬರು ಗಾಬರಿಯಾಗುತ್ತಾರೆ. ಎಲ್ಲ ಬೆಕ್ಕುಗಳ ಮೈಯ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಬೇರೆ ಬೆಕ್ಕುಗಳಲ್ಲಿ ದಟ್ಟ ತುಪ್ಪಳ ಆ ಶಾಖವನ್ನು ಒಳಗೇ ಹಿಡಿದಿಡುತ್ತದೆ, ಇದರಲ್ಲಿ ನಮ್ಮ ಕೈಗೆ ಬರುತ್ತದೆ. ಬೆಕ್ಕಿನ ಮೈಯಲ್ಲಿ ಮೂರು ಬಗೆಯ ಕೂದಲು ಇರುತ್ತವೆ: ಮಳೆ, ಗಾಳಿ ತಡೆಯುವ ಒರಟು ಹೊರಕೂದಲು, ನಡುವಿನ ಕೂದಲು, ಒಳಗಿನ ಮೆತ್ತನೆ ಹತ್ತಿಯಂಥ ಕೂದಲು. ಕಾರ್ನಿಶ್ ರೆಕ್ಸ್‌ಗೆ ಹೊರಕೂದಲೇ ಇಲ್ಲ. ಡೆವನ್ ರೆಕ್ಸ್‌ಗೆ ಮೂರೂ ಇವೆ, ಆದರೆ ಎಲ್ಲವೂ ಗಿಡ್ಡ, ದುರ್ಬಲ. ಅಂದರೆ ಬೆಕ್ಕು ಸ್ವೆಟರ್ ಇಲ್ಲದೆ ಬನಿಯನ್ನಿನಲ್ಲಿ ಚಳಿಗಾಲ ಕಳೆಯುವ ಹಾಗೆ. ಬೆಚ್ಚಗಿನ ಜಾಗ ಎಲ್ಲಿದ್ದರೂ ಹುಡುಕಿಕೊಂಡು ಹೋಗುತ್ತದೆ. ನನ್ನ ಹಾಟ್ ವಾಟರ್ ಬ್ಯಾಗ್ ಎಷ್ಟು ರಾತ್ರಿ ನನಗೆ ಸಿಕ್ಕಿತೋ ದೇವರಿಗೇ ಗೊತ್ತು.

ಬಿಸಿಲು ಕಂಡರೂ ಇವಕ್ಕೆ ಆಸೆ, ಆದರೆ ಕೂದಲು ತೆಳುವಾದ ಕಿವಿ, ನೆತ್ತಿ ಸುಡುವ ಭಯವಿದೆ. ನಮ್ಮ ಕಡೆ ಇದನ್ನು ತರಿಸಿಕೊಳ್ಳಬೇಕೆನ್ನುವವರು ಇದನ್ನು ಯೋಚಿಸಬೇಕು. ಬಿಜಾಪುರದ ಬೇಸಿಗೆಗೂ ಆಗುಂಬೆಯ ಮಳೆಗಾಲಕ್ಕೂ ಹುಟ್ಟಿದ ಪ್ರಾಣಿಯಲ್ಲ ಇದು. ನನ್ನನ್ನು ಕೇಳಿದರೆ, ಕೊಟ್ಟಿಗೆಯ ಹುಲ್ಲಿನ ಮೇಲೆ ಹುಟ್ಟಿದ ನಮ್ಮ ಪಟ್ಟೆ ಮರಿಯೊಂದನ್ನು ತಂದು ಲಸಿಕೆ ಹಾಕಿಸಿ ಸಾಕಿದರೆ ಸಿಗುವ ಸುಖ ಇದಕ್ಕೇನೂ ಕಡಿಮೆಯಲ್ಲ.

ಆರೈಕೆ: ಬಾಚಣಿಗೆ ಬೇಡ, ಕೈ ಸಾಕು

ಗುಂಗುರು ಕೂದಲು ಎಂದ ಮೇಲೆ ದಿನಾ ಬಾಚಬೇಕು ಎಂದುಕೊಳ್ಳುತ್ತೀರಿ. ಬಾಚಲೇಬಾರದು ಎನ್ನಬಹುದು. ಗಟ್ಟಿ ಹಲ್ಲಿನ ಬಾಚಣಿಗೆ ತಾಗಿದರೆ ಎಳೆಗಳು ತುಂಡಾಗಿ ಬೋಳು ಬೀಳುತ್ತದೆ. ಒದ್ದೆ ಕೈಯನ್ನು ಕೂದಲು ಮಲಗಿರುವ ದಿಕ್ಕಿನಲ್ಲೇ ಮೆಲ್ಲಗೆ ಆಡಿಸಿದರೆ ಸಡಿಲ ಕೂದಲು ಬಂದುಬಿಡುತ್ತದೆ. ಮರಿ ನಾಲ್ಕಾರು ತಿಂಗಳಿದ್ದಾಗ ಮೊದಲ ಕೂದಲು ಉದುರಿ ಕೆಲವು ವಾರ ಅರೆಬೋಳಾಗಿ ಕಾಣುವುದುಂಟು. ಶ್ಯಾವಿಗೆಯ ಬೆನ್ನು ಹಾಗೆ ಆದಾಗ ಮೊಮ್ಮಗಳು ಅತ್ತೇಬಿಟ್ಟಳು. ಪಶುವೈದ್ಯರು ನೋಡಿ ಚರ್ಮದಲ್ಲಿ ಹುಳುಕಡ್ಡಿ ಏನೂ ಇಲ್ಲ, ಮತ್ತೆ ಬೆಳೆಯುತ್ತದೆ ಎಂದರು. ಬೆಳೆಯಿತು.

ಹೆಚ್ಚು ಕೆಲಸ ಇರುವುದು ಕಿವಿಯಲ್ಲಿ. ಸಾಮಾನ್ಯ ಬೆಕ್ಕಿನ ಕಿವಿಯೊಳಗೆ ಕೂದಲಿನ ಗುಚ್ಛವಿದ್ದು ಧೂಳು ತಡೆಯುತ್ತದೆ. ಇದಕ್ಕೆ ಕೂದಲು ಕಡಿಮೆ, ಕಿವಿ ದೊಡ್ಡದು. ಕಂದು ಬಣ್ಣದ ಗುಗ್ಗೆ ಬೇಗ ಕಟ್ಟುತ್ತದೆ. ವಾರಕ್ಕೊಮ್ಮೆ ನೋಡಿ, ಪಶುವೈದ್ಯರು ಕೊಟ್ಟ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ಹೊರಗಿನ ಭಾಗವನ್ನಷ್ಟೇ ಒರೆಸಬೇಕು. ಕಡ್ಡಿ ಹಾಕಿ ಒಳಗೆ ತಿರುವುವುದು ಅಪಾಯ, ಬೆಕ್ಕಿಗೂ ಅಷ್ಟೇ, ಮಕ್ಕಳಿಗೂ ಅಷ್ಟೇ. ಉಗುರಿನ ಸಂದಿಯಲ್ಲೂ ಜಿಡ್ಡು ಸೇರುತ್ತದೆ. ಚರ್ಮದ ಎಣ್ಣೆಯನ್ನು ಹೀರಿಕೊಳ್ಳುವ ದಟ್ಟ ಕೂದಲು ಇಲ್ಲದಿರುವುದರಿಂದ ಕೆಲವಕ್ಕೆ ಮೈಯೂ ಜಿಡ್ಡಾಗುತ್ತದೆ, ಯೀಸ್ಟ್ ಎಂಬ ಬೂಷ್ಟು ಬೆಳೆದು ತುರಿಕೆ ಬರುತ್ತದೆ. ಅಂಥವಕ್ಕೆ ಆಗೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ, ಕೂಡಲೇ ಬೆಚ್ಚಗಿನ ಟವೆಲ್. ಉಜ್ಜಬಾರದು, ಒತ್ತಿ ಒರೆಸಬೇಕು. ನಮ್ಮ ಮಗುವಿನ ಎಣ್ಣೆಸ್ನಾನದ ಶಿಸ್ತೇ ಇದಕ್ಕೂ ಬೇಕು, ಎಣ್ಣೆಯೊಂದನ್ನು ಬಿಟ್ಟು.

ಊಟದ ವಿಷಯ ಬಂದಾಗ ನಮ್ಮಂಥ ಸಸ್ಯಾಹಾರಿ ಮನೆಯವರು ಸ್ವಲ್ಪ ಗಟ್ಟಿ ಮನಸ್ಸು ಮಾಡಬೇಕು. ನಮ್ಮ ಊರಮನೆಯ ಬೆಕ್ಕು ಮೊಸರನ್ನ ತಿಂದೇ ಹದಿನಾಲ್ಕು ವರ್ಷ ಬದುಕಿತ್ತು ಎಂದು ಎಲ್ಲರೂ ಹೇಳುತ್ತಾರೆ. ಅಟ್ಟದ ಮೇಲಿನ ಇಲಿಗಳ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರಿನ್ ಎಂಬ ವಸ್ತು ಅದಕ್ಕೆ ಆಹಾರದಿಂದಲೇ ಸಿಗಬೇಕು, ಅದು ಇರುವುದು ಮಾಂಸ ಮೀನುಗಳಲ್ಲಿ. ಅದು ಸಿಗದಿದ್ದರೆ ಬೆಕ್ಕಿನ ಕಣ್ಣು ಕುರುಡಾಗುತ್ತದೆ, ಹೃದಯ ಸೋಲುತ್ತದೆ ಎಂಬುದನ್ನು ವಿಜ್ಞಾನಿಗಳು 1970 ಮತ್ತು 80ರ ದಶಕಗಳಲ್ಲಿ ಕಂಡುಕೊಂಡರು. ಮನೆಯೊಳಗೇ ಇರುವ ಶ್ಯಾವಿಗೆಗೆ ಇಲಿ ಎಲ್ಲಿಂದ ಬರಬೇಕು? ದಿನಾ ಬೆಳಿಗ್ಗೆ ಮೀನಿನ ಡಬ್ಬ ತೆರೆಯುವ ಪಾಳಿ ನನ್ನದಾಗಿತ್ತು. ಮೂಗಿಗೆ ಸೆರಗು ಮುಚ್ಚಿಕೊಂಡು ತೆರೆಯುತ್ತಿದ್ದೆ.

ಈ ತಳಿಗೆ ಹಸಿವು ಜಾಸ್ತಿ, ಕದಿಯುವುದು ಇನ್ನೂ ಜಾಸ್ತಿ. ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ವಿಷವಾಗುವಂಥವು ಎದುರಿಗೇ ಇರುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಹೂದಾನಿಯ ಲಿಲ್ಲಿ ಹೂವಿನ ಪರಾಗ ಮೈಗೆ ಅಂಟಿ ಅದನ್ನು ನೆಕ್ಕಿದರೂ ಸಾಕು, ಮೂತ್ರಪಿಂಡ ಹಾಳಾಗುತ್ತದೆ. ಹಾಲು ವಿಷವಲ್ಲ, ಆದರೆ ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವಾಗದೆ ಹೊಟ್ಟೆ ಕೆಡುತ್ತದೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತಲ್ಲ, ಅವನು ಕಾಯಿಸಿ ಕೊಟ್ಟದ್ದು ತಪ್ಪೇ ಇರಬಹುದು, ಬೆಕ್ಕಿನ ತೀರ್ಮಾನ ಮಾತ್ರ ಸರಿಯಾಗಿಯೇ ಇತ್ತು.

ಹಾಲೇ ವಿಷವಾಗುವ ಒಂದು ಸಂದರ್ಭವೂ ಇದೆ, ಅದೂ ತಾಯಿಯ ಹಾಲು. ಬೆಕ್ಕುಗಳಿಗೂ ರಕ್ತದ ಗುಂಪುಗಳಿವೆ. ಹೆಚ್ಚಿನವು ಎ ಗುಂಪು. ಡೆವನ್ ರೆಕ್ಸ್‌ಗಳಲ್ಲಿ ಬಿ ಗುಂಪಿನವು ಬಹಳ. ತಾಯಿ ಬಿ, ಮರಿ ಎ ಆದರೆ, ಹುಟ್ಟಿದ ದಿನದ ಗಿಣ್ಣುಹಾಲಿನಲ್ಲಿರುವ ಪ್ರತಿಕಾಯಗಳು ಮರಿಯ ರಕ್ತವನ್ನೇ ಒಡೆದು ಕೊಲ್ಲುತ್ತವೆ. ಬಲ್ಲವರು ಜೋಡಿ ಕೂಡಿಸುವ ಮೊದಲೇ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಕತ್ತಿನ ಸ್ನಾಯು ಸೋತು ತಲೆ ಬಾಗುವ ಆನುವಂಶಿಕ ಕಾಯಿಲೆಯೊಂದೂ ಈ ತಳಿಯಲ್ಲಿದೆ, ಅದಕ್ಕೂ ಜೀನ್ ಪರೀಕ್ಷೆ ಇದೆ. ಹೃದಯದ ಗೋಡೆ ದಪ್ಪವಾಗುವ ತೊಂದರೆ, ಮಂಡಿಚಿಪ್ಪು ಜಾರುವ ತೊಂದರೆ ಕೂಡ ಕಾಣುತ್ತವೆ. ಒಂದೇ ಅಜ್ಜನಿಂದ ಬೆಳೆದ ವಂಶದ ಸಾಲ ಇದು. ಆದ್ದರಿಂದ ಮರಿ ಕೊಳ್ಳುವವರು ಮುಖದ ಚೆಂದಕ್ಕಿಂತ ಮೊದಲು ಅಪ್ಪ ಅಮ್ಮನ ಪರೀಕ್ಷೆಯ ಕಾಗದ ಕೇಳಬೇಕು. ಕಾಗದ ತೋರಿಸದವರ ಮನೆಯಲ್ಲಿ ಚಹಾ ಕೂಡ ಕುಡಿಯದೆ ಎದ್ದು ಬರಬೇಕು ಎಂಬುದು ನನ್ನ ಅಭಿಪ್ರಾಯ.

ಫ್ರಿಜ್ ಮೇಲಿನ ಪುಸ್ತಕ

ಈಗ ನಮ್ಮ ಮನೆಯ ಅಸಲು ಕಷ್ಟಕ್ಕೆ ಬರುತ್ತೇನೆ. ಮೊಮ್ಮಗಳಿಗೆ ಉಬ್ಬಸ ಇದೆ. ಜೋರಲ್ಲ, ಆದರೆ ಹೂ ಬಿಡುವ ಕಾಲದಲ್ಲಿ, ನೆಗಡಿಯಾದಾಗ ಎದೆ ಸುಂಯ್‌ಗುಡುತ್ತದೆ. ಇನ್‌ಹೇಲರ್ ಇಲ್ಲದೆ ಶಾಲೆಗೆ ಹೋಗುವಂತಿಲ್ಲ. ಡೆವನ್ ರೆಕ್ಸ್‌ಗೆ ಕೂದಲು ಕಡಿಮೆ, ಆದ್ದರಿಂದ ಅಲರ್ಜಿ ಬರುವುದಿಲ್ಲ ಎಂದು ಅವಳ ಗೆಳತಿಯರು ಹೇಳಿದ್ದರು. ಎಷ್ಟೋ ದೊಡ್ಡವರೂ ಹೀಗೇ ನಂಬಿದ್ದಾರೆ. ಬೆಕ್ಕಿನ ಅಲರ್ಜಿಗೆ ಕಾರಣ ಕೂದಲಲ್ಲ. ಅದರ ಎಂಜಲಲ್ಲಿ, ಚರ್ಮದ ಎಣ್ಣೆಯಲ್ಲಿ ಇರುವ ಒಂದು ಪ್ರೋಟೀನ್. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಮೈತುಂಬ ಹರಡಿ, ಒಣಗಿ, ಕಣ್ಣಿಗೆ ಕಾಣದ ಹುಡಿಯಾಗಿ ಗಾಳಿಯಲ್ಲಿ ತೇಲುತ್ತದೆ. ಗುಂಗುರು ಬೆಕ್ಕೂ ನೆಕ್ಕುತ್ತದೆ, ಬೋಳು ಬೆಕ್ಕೂ ನೆಕ್ಕುತ್ತದೆ. ಅಲರ್ಜಿಯೇ ಬಾರದ ಬೆಕ್ಕು ಎಂಬುದು ಇಲ್ಲ. ಒಂದೊಂದು ಬೆಕ್ಕಿನಲ್ಲಿ ಆ ಪ್ರೋಟೀನ್ ಹೆಚ್ಚು ಕಡಿಮೆ ಇರುತ್ತದೆ, ಅಷ್ಟೇ.

ಹಾಗಾಗಿ ನಾವು ಮರಿಯನ್ನು ನೇರ ತರಲಿಲ್ಲ. ಆ ದೇಶದಲ್ಲಿ ಮರಿಗಳು ಹದಿಮೂರು ವಾರ ತಾಯಿಯ ಜೊತೆ ಇರಬೇಕೆಂದು ಒಳ್ಳೆಯ ಸಾಕಣೆಗಾರರು ಬಯಸುತ್ತಾರೆ. ಆ ಅವಧಿಯಲ್ಲಿ ನಾಲ್ಕು ಶನಿವಾರ ಅವರ ಮನೆಗೆ ಹೋಗಿ ಒಂದೆರಡು ಗಂಟೆ ಬೆಕ್ಕುಗಳ ನಡುವೆ ಕುಳಿತು ಬಂದೆವು. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲ ಹುಡುಗಿ ಕಣ್ಣುಜ್ಜಿಕೊಂಡಳು. ನೋಡಿಯೂ ನೋಡದಂತೆ ಇದ್ದ ನನಗೆ ಕಾರಿನಲ್ಲಿ ಮೆಲ್ಲಗೆ ಹೇಳಿದಳು, "ಅಜ್ಜೀ, ಅದು ನಿದ್ದೆ ಬಂದು ಉಜ್ಜಿದ್ದು, ಅಮ್ಮನಿಗೆ ಹೇಳಬೇಡ." ಹೇಳಲೇಬೇಕಾಗಿತ್ತು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಬೇಡ ಎನ್ನಲಿಲ್ಲ, ಷರತ್ತು ಹಾಕಿದರು. ಮಲಗುವ ಕೋಣೆಗೆ ಬೆಕ್ಕು ಬರಕೂಡದು, ಯಾವತ್ತೂ. ಮುಟ್ಟಿದ ಮೇಲೆ ಕೈ ತೊಳೆಯಬೇಕು, ಮುಖಕ್ಕೆ ಮುಖ ತಾಗಿಸಬಾರದು. ಬೆಕ್ಕಿನ ಹಾಸಿಗೆಯನ್ನು ವಾರ ವಾರ ಬಿಸಿನೀರಿನಲ್ಲಿ ಒಗೆಯಬೇಕು. ದಿನಕ್ಕೆ ಎರಡು ಸಲ ಪೀಕ್ ಫ್ಲೋ ಮೀಟರ್ ಎಂಬ ಕೊಳವೆಯೊಳಗೆ ಜೋರಾಗಿ ಊದಿ, ಮುಳ್ಳು ಎಲ್ಲಿಗೆ ಹೋಯಿತೆಂದು ಬರೆದಿಡಬೇಕು. ಅವಳು ಚೆನ್ನಾಗಿದ್ದಾಗ ಊದುವುದು 300. 240ರ ಕೆಳಗೆ ಇಳಿದರೆ ಔಷಧಿಯ ಪ್ರಮಾಣ ಬದಲಿಸಿ ಡಾಕ್ಟರಿಗೆ ತಿಳಿಸಬೇಕು. ಮಗಳು ಇನ್ನೊಂದು ಷರತ್ತು ಸೇರಿಸಿದಳು: ಬೆಕ್ಕೇ ಕಾರಣ ಎಂದಾದರೆ ಶ್ಯಾವಿಗೆ ಸಾಕಿದವರ ಮನೆಗೆ ವಾಪಸ್. ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಅವರು ಬರೆದುಕೊಟ್ಟಿದ್ದರು. ಅಂಕಿ ಬರೆಯುವ ಪುಸ್ತಕ ಫ್ರಿಜ್ ಮೇಲೆ ಕೂತಿತು.

ನಿಯಮ ಬರೆಯುವುದು ಸುಲಭ. ರಾತ್ರಿ ಬಾಗಿಲು ಹಾಕಿದ ಕೂಡಲೇ ಶ್ಯಾವಿಗೆ ಹೊರಗೆ ಕುಳಿತು ಅಳುತ್ತಿತ್ತು, ಮೊಮ್ಮಗಳು ಒಳಗೆ ಮಲಗಿ ಅಳುತ್ತಿದ್ದಳು. ಮೂರನೇ ರಾತ್ರಿ ನಾನು ಎದ್ದು ಹೋಗಿ ಬೆಕ್ಕನ್ನು ಎತ್ತಿಕೊಂಡು ಬಂದು ನನ್ನ ಕೋಣೆಯಲ್ಲಿ ಮಲಗಿಸಿಕೊಂಡೆ. ಅದು ಕಂಬಳಿಯೊಳಗೆ ನುಗ್ಗಿ, ಮಂಡಿಯ ಹಿಂದೆ ಸುತ್ತಿಕೊಂಡು, ರುಬ್ಬುವ ಯಂತ್ರದ ಹಾಗೆ ಗುರುಗುಟ್ಟಿತು. ನನ್ನ ಮಂಡಿನೋವಿಗೆ ಅಷ್ಟು ಒಳ್ಳೆಯ ಶಾಖ ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ.

ಡಿಸೆಂಬರ್ ಎರಡನೇ ವಾರ ಅಂಕಿ ಇಳಿಯತೊಡಗಿತು. 280, 250, ಒಂದು ಬೆಳಿಗ್ಗೆ 220. ಅದೇ ವಾರ ಶಾಲೆಯಲ್ಲಿ ಅರ್ಧ ತರಗತಿಗೆ ನೆಗಡಿ. ಕಾರಣ ನೆಗಡಿಯೋ, ಬೆಕ್ಕೋ? ಡಾಕ್ಟರು ನೋಡಿ ಔಷಧಿ ಹೆಚ್ಚಿಸಿದರು. ಸೋಂಕಿನಂತೆಯೇ ಕಾಣುತ್ತದೆ, ಆದರೆ ಖಚಿತವಾಗಲು ನೆಗಡಿ ಪೂರ್ತಿ ಹೋಗಲಿ, ಅಷ್ಟು ದಿನ ಬೆಕ್ಕನ್ನು ದೂರ ಇಡಿ ಎಂದರು. ಶ್ಯಾವಿಗೆಯೂ ನಾನೂ ಮಹಡಿಯ ಕೋಣೆಯಲ್ಲಿ ಬಂಧಿಗಳಾದೆವು. ಹುಡುಗಿ ಒಂದು ಮಾತೂ ಹಟ ಮಾಡಲಿಲ್ಲ. ಬೆಳಿಗ್ಗೆ ಸಂಜೆ ಊದಿ, ಬಂದಷ್ಟೇ ಅಂಕಿ ಬರೆಯುತ್ತಿದ್ದಳು. ಕೆಳಗೆ ಇಳಿದ ದಿನವೂ ಅಂಕಿಯನ್ನು ತಿದ್ದಲಿಲ್ಲ. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಮೆಟ್ಟಿಲ ಕೆಳಗೆ ನಿಂತು "ಶ್ಯಾವಿಗೇ" ಎಂದು ಕೂಗುವಳು, ಇದು ಬಾಗಿಲ ಸಂದಿಗೆ ಮೂಗು ಇಟ್ಟು ಉತ್ತರ ಕೊಡುವುದು. ಒಂಬತ್ತು ದಿನ ಹೀಗೇ. ಹತ್ತನೇ ದಿನ 270, ಆಮೇಲೆ 290. ಬೆಕ್ಕನ್ನು ಕೆಳಗೆ ಬಿಟ್ಟ ಮೇಲೆ ಮತ್ತೆರಡು ವಾರ ಎಲ್ಲರೂ ಆ ಪುಸ್ತಕವನ್ನು ಪರೀಕ್ಷೆಯ ಫಲಿತಾಂಶದ ಹಾಗೆ ನೋಡಿದೆವು. ಅಂಕಿ ಇಳಿಯಲಿಲ್ಲ.

ಎಲ್ಲ ಮಕ್ಕಳಿಗೂ ಹೀಗೆ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಜೋರು ಉಬ್ಬಸ ಇರುವ ಮಗುವಿನ ಮನೆಯಲ್ಲಿ ಬೆಕ್ಕು ಬೇಡ, ಅದು ಗುಂಗುರಾದರೂ ಸರಿ, ನೇರವಾದರೂ ಸರಿ.

ಫೆಬ್ರವರಿ ಬಂತು. ನನ್ನ ವೀಸಾ ಮುಗಿಯುವ ದಿನ ಹತ್ತಿರವಾದಂತೆ ಮನೆಯವರಿಗೆ ಒಂದೇ ಚಿಂತೆ, ಅಜ್ಜಿ ಹೋದ ಮೇಲೆ ಬೆಕ್ಕಿಗೆ ರಾತ್ರಿ ಶಾಖ ಯಾರು ಕೊಡುವುದು? ಇನ್ನೊಂದು ಬೆಕ್ಕು ತಂದರೆ ಜೊತೆಯಾಗುತ್ತದೆ, ಆದರೆ ಅಲರ್ಜಿಯ ಹುಡಿಯೂ ಎರಡು ಪಾಲಾಗುತ್ತದೆ. ಅದು ಆಗದ ಮಾತು. ಕೊನೆಗೆ ಅಳಿಯ ಬೆಕ್ಕಿನ ತೊಟ್ಟಿಲು ತಂದರು. ಅಲ್ಲಿಯ ಮನೆಗಳಲ್ಲಿ ಗೋಡೆಗೆ ಬಿಸಿನೀರು ಹರಿಯುವ ರೇಡಿಯೇಟರ್ ಇರುತ್ತದಲ್ಲ, ಅದಕ್ಕೆ ಕೊಕ್ಕೆ ಹಾಕಿ ತೂಗುಬಿಡುವಂಥದ್ದು. ಅದರೊಳಗೆ ಹಾಸಲು ನನ್ನ ಉಣ್ಣೆ ಶಾಲು ಕೊಡುತ್ತೇನೆ ಎಂದೆ. ಮೊಮ್ಮಗಳು ತಲೆಯಾಡಿಸಿದಳು. "ಉಣ್ಣೆ ಬಿಸಿನೀರಿಗೆ ಹಾಕಿದರೆ ಕುಗ್ಗುತ್ತೆ ಅಜ್ಜೀ. ವಾರ ವಾರ ಒಗೀಬೇಕಲ್ಲ."

ಮಗಳ ಮನೆಯಲ್ಲಿ ಹಳೆಯ ಹತ್ತಿ ಸೀರೆಗಳು ಮೂರು ಇದ್ದವು. ಕೂತು ಎರಡು ಪುಟ್ಟ ಕೌದಿ ಹೊಲಿದೆ, ಒಂದು ಒಗೆಯಲು ಹೋದಾಗ ಇನ್ನೊಂದು ಇರಲಿ ಎಂದು. ಹೊಲಿಯುವಾಗ ಶ್ಯಾವಿಗೆ ದಾರದ ಉಂಡೆಯನ್ನು ಎಳೆದಾಡಿದ್ದರಿಂದ ಎರಡನೆಯದರ ಹೊಲಿಗೆ ಸೊಟ್ಟಗಾಗಿದೆ. ಮೊನ್ನೆ ಭಾನುವಾರ ವಿಡಿಯೊ ಕರೆಯಲ್ಲಿ ಮೊಮ್ಮಗಳು ಮೊದಲು ಪುಸ್ತಕ ಹಿಡಿದು ತೋರಿಸಿದಳು, 305. ಆಮೇಲೆ ಫೋನನ್ನು ತೊಟ್ಟಿಲ ಕಡೆ ತಿರುಗಿಸಿದಳು. ಸೊಟ್ಟ ಹೊಲಿಗೆಯ ಕೌದಿಯ ಮೇಲೆ ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿತ್ತು. ನಾನು ಹೆಸರು ಹಿಡಿದು ಕರೆದೆ. ಒಂದು ಕಿವಿಯನ್ನು ಮಾತ್ರ ಈ ಕಡೆ ತಿರುಗಿಸಿತು.